ಇಂಟರ್ನ್‌ಗಳನ್ನು ಬರಮಾಡಿಕೊಳ್ಳುವವರನ್ನೂ ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಬೇರೆ ದೇಶಗಳಲ್ಲಿ ಮಾಡುವ ಬೇಸಿಗೆ ಇಂಟರ್ನ್‌ಶಿಪ್ ಬಗ್ಗೆ ಬಂದ ಲೇಖನ ಓದಿದೆ. ಅರ್ಜಿ ಹಾಕುವುದು ಹೇಗೆ, ಅದರ ಜೊತೆಗಿನ ಪತ್ರದಲ್ಲಿ ಏನು ಬರೆಯಬೇಕು, ಬಯೋಡೇಟಾ ಎಷ್ಟು ಪುಟ ಇರಬೇಕು, ಎಲ್ಲ ಚೆನ್ನಾಗಿತ್ತು. ಆದರೆ ವಿದ್ಯಾರ್ಥಿಗಳು ಹೋಗಿ ಸೇರುವ ಜಾಗದವರು ಒಬ್ಬರೂ ಅದರಲ್ಲಿ ಮಾತಾಡಿರಲಿಲ್ಲ. ನಾನು ಆ ಕಡೆಯವಳು. ಹಳ್ಳಿ ಹೆಂಗಸರ ಸ್ವಸಹಾಯ ಗುಂಪುಗಳ ಜೊತೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕ್ಷೇತ್ರ ಸಂಯೋಜಕಿ. ಹೊರದೇಶದ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಕೆಲಸವೂ ಹಲವು ವರ್ಷಗಳಿಂದ ನನ್ನ ಪಾಲಿಗೇ ಬಿದ್ದಿದೆ.

ಇಂಟರ್ನ್‌ಶಿಪ್ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಸ್ಟೈಪೆಂಡ್ ಎಷ್ಟು? ಅದು ನ್ಯಾಯವಾದ ಪ್ರಶ್ನೆಯೇ. ವಿಶ್ವಸಂಸ್ಥೆಯ ಸಚಿವಾಲಯ ತನ್ನ ಇಂಟರ್ನ್‌ಗಳಿಗೆ ಸಂಬಳ ಕೊಡುವುದಿಲ್ಲ. ಟಿಕೆಟ್, ವೀಸಾ, ಬಾಡಿಗೆ ಎಲ್ಲ ಅವರದೇ. 2015ರಲ್ಲಿ ನ್ಯೂಜಿಲೆಂಡಿನ ಒಬ್ಬ ಇಂಟರ್ನ್ ಜಿನೀವಾದ ಸರೋವರದ ದಡದಲ್ಲಿ ಟೆಂಟ್ ಹಾಕಿ ಮಲಗುತ್ತಿದ್ದ ಸುದ್ದಿ ಜಗತ್ತಿಗೆಲ್ಲ ಗೊತ್ತಾಯಿತು. ಬರಬರುತ್ತ ಕೆಲವು ಸಂಸ್ಥೆಗಳು ಬದಲಾದವು. ವಿಶ್ವ ಆರೋಗ್ಯ ಸಂಸ್ಥೆ 2020ರಿಂದ ಭತ್ಯೆ ಕೊಡತೊಡಗಿತು. ಸಂತೋಷ. ಮನೆಯಲ್ಲಿ ದುಡ್ಡಿದ್ದವರ ಮಕ್ಕಳು ಮಾತ್ರ ಬಡತನದ ಬಗ್ಗೆ ಕಲಿಯಲು ಹೋಗುವುದು ವಿಚಿತ್ರವಾಗಿಯೇ ಕಾಣುತ್ತದೆ, ಅಲ್ವಾ?

ಆದರೆ ಇನ್ನೊಂದು ಖರ್ಚಿದೆ. ಅದನ್ನು ಯಾವ ಅರ್ಜಿಯಲ್ಲೂ ಯಾರೂ ಕೇಳುವುದಿಲ್ಲ. ಇಂಟರ್ನ್ ಬಂದಿಳಿದ ದಿನದಿಂದ ಅವರನ್ನು ನೋಡಿಕೊಳ್ಳುವವರು ಯಾರು? ಅವರ ಸಮಯಕ್ಕೆ ಬೆಲೆ ಕೊಡುವವರು ಯಾರು?

ನಮ್ಮಲ್ಲಿ ನಡೆಯುವುದನ್ನೇ ಹೇಳುತ್ತೇನೆ. ಜನವರಿಯಲ್ಲಿ ಒಂದು ಇಮೇಲ್ ಬರುತ್ತದೆ. ಜೂನ್‌ನಿಂದ ಎಂಟು ವಾರ ಇಬ್ಬರು ವಿದ್ಯಾರ್ಥಿಗಳು ಬರುತ್ತಾರೆ, ಅರ್ಥಪೂರ್ಣವಾದ ಕೆಲಸ ಕೊಡಿ ಎಂದು. ನಾವು ಕೋಣೆ ಹುಡುಕಬೇಕು. ಸಿಮ್ ಕೊಡಿಸಬೇಕು. ವಿದೇಶಿಯರು ಬಂದರೆ ಕೊಡಬೇಕಾದ ಕಾಗದಪತ್ರ ಸಿದ್ಧ ಮಾಡಬೇಕು. ಮೊದಲ ವಾರವೇ ಒಬ್ಬರಿಗೆ ಹೊಟ್ಟೆ ಕೆಡುತ್ತದೆ, ರಾತ್ರಿ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಓಡಬೇಕು. ಇದೆಲ್ಲ ಹೋಗಲಿ, ಮನೆಗೆ ಬಂದವರನ್ನು ನೋಡಿಕೊಳ್ಳುವುದು ನಮಗೇನೂ ಭಾರವಲ್ಲ. ನಿಜವಾದ ಕಷ್ಟ ಭಾಷೆಯದು. ನಮ್ಮಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವುದು ಒಬ್ಬ ಕಾರ್ಯಕರ್ತೆಗೆ ಮಾತ್ರ. ಗುಂಪುಗಳ ಲೆಕ್ಕದ ಪುಸ್ತಕ ನೋಡುವುದು, ಬ್ಯಾಂಕಿಗೆ ಹೋಗುವುದು, ಸಾಲ ಕಟ್ಟಲಾಗದವರ ಮನೆಗೆ ಹೋಗಿ ಮಾತಾಡುವುದು ಅವಳ ಕೆಲಸ. ಜೂನ್, ಜುಲೈ ಪೂರ್ತಿ ಅವಳು ಇಂಟರ್ನ್‌ಗಳ ಪಕ್ಕ ಕೂತು ಈ ಕಡೆಯ ಮಾತನ್ನು ಆ ಕಡೆಗೆ ದಾಟಿಸುತ್ತಾಳೆ. ಆಗಸ್ಟ್‌ನಲ್ಲಿ ಬಾಕಿ ಬಿದ್ದ ಕೆಲಸವನ್ನು ರಾತ್ರಿ ಕೂತು ಮುಗಿಸುತ್ತಾಳೆ. ವಿಶ್ವವಿದ್ಯಾಲಯಕ್ಕೆ ಹೋಗುವ ವರದಿಯಲ್ಲಿ ಅವಳಿಗೆ ಒಂದು ಸಾಲಿನ ಧನ್ಯವಾದ. ಅದೂ ಒಮ್ಮೊಮ್ಮೆ ಹೆಸರಿನ ಕಾಗುಣಿತ ತಪ್ಪಾಗಿ.

ಮಧ್ಯದಲ್ಲಿ ಏಜೆನ್ಸಿ ಇದ್ದರಂತೂ ಇನ್ನೂ ಬೇಜಾರು. ವಿದ್ಯಾರ್ಥಿ ಏಜೆನ್ಸಿಗೆ ದೊಡ್ಡ ಶುಲ್ಕ ಕಟ್ಟಿರುತ್ತಾನೆ. ಅದರಲ್ಲಿ ಒಂದು ಪಾಲು ನಮಗೆ ಬಂದಿದೆ ಎಂದೇ ನಂಬಿರುತ್ತಾನೆ. ಒಬ್ಬ ಹುಡುಗ ನನ್ನನ್ನೇ ನೇರವಾಗಿ ಕೇಳಿದ. ಏನೂ ಬಂದಿಲ್ಲ ಎಂದಾಗ ಅವನ ಮುಖ ಸಣ್ಣದಾಯಿತು. ಪಾಪ, ಅವನದೇನೂ ತಪ್ಪಿರಲಿಲ್ಲ.

ಇನ್ನು ಬೇಸಿಗೆ ಎನ್ನುವುದು ಯಾರ ಬೇಸಿಗೆ? ಉತ್ತರದ ದೇಶಗಳ ವಿಶ್ವವಿದ್ಯಾಲಯಗಳಿಗೆ ರಜೆ ಜೂನ್‌ನಿಂದ ಆಗಸ್ಟ್‌ವರೆಗೆ. ದಕ್ಷಿಣ ಏಷ್ಯಾದಲ್ಲಿ ಆಗ ಮುಂಗಾರು. ಆಫ್ರಿಕದ ಸಾಹೆಲ್ ಪ್ರದೇಶದಲ್ಲೂ ಮಳೆ ಬರುವುದು ಆಗಲೇ. ಹಳೆಯ ಕಾಳು ಮುಗಿದು ಹೊಸ ಬೆಳೆ ಇನ್ನೂ ಕೈಗೆ ಬಾರದ ಹಸಿವಿನ ತಿಂಗಳುಗಳು ಅವು. ಜನ ಬೆಳಗಿನಿಂದ ಸಂಜೆವರೆಗೆ ಹೊಲದಲ್ಲಿರುತ್ತಾರೆ. ಅದೇ ಹೊತ್ತಿಗೆ ಐವತ್ತು ಪ್ರಶ್ನೆಗಳ ಸರ್ವೆ ಹಿಡಿದುಕೊಂಡು ಇಂಟರ್ನ್ ಬಾಗಿಲಿಗೆ ಬಂದರೆ ಯಾರು ತಾನೇ ಕೂತು ಉತ್ತರ ಹೇಳುತ್ತಾರೆ? ಹೇಳಿದರೂ ಬೇಗ ಮುಗಿಯಲಿ ಎಂದು ಹೇಳುತ್ತಾರೆ. ಆ ಉತ್ತರಗಳೇ ಆಮೇಲೆ ಬಣ್ಣದ ಚಾರ್ಟ್ ಆಗುತ್ತವೆ.

ಹಾಗೆಂದು ಮಳೆಗಾಲದಲ್ಲಿ ಬರಲೇಬೇಡಿ ಎನ್ನುವವಳು ನಾನಲ್ಲ. ಹಳ್ಳಿಗಳ ಅಭಿವೃದ್ಧಿಯ ಬಗ್ಗೆ ಬರೆದ ಬ್ರಿಟನ್ನಿನ ವಿದ್ವಾಂಸ ರಾಬರ್ಟ್ ಚೇಂಬರ್ಸ್ 1980ರ ದಶಕದಲ್ಲೇ ಇದರ ಇನ್ನೊಂದು ಮುಖ ತೋರಿಸಿದ್ದರು. ಹಳ್ಳಿಗೆ ಬರುವ ತಜ್ಞರು ಡಾಂಬರು ರಸ್ತೆ ಇರುವ ಕಡೆಗೇ ಬರುತ್ತಾರೆ, ಒಣ ಹವೆಯಲ್ಲೇ ಬರುತ್ತಾರೆ, ಹಾಗಾಗಿ ಬಡವರ ಅತಿ ಕಷ್ಟದ ತಿಂಗಳುಗಳು ಅವರ ಕಣ್ಣಿಗೆ ಬೀಳುವುದೇ ಇಲ್ಲ ಎಂದಿದ್ದರು. ಕೆಸರು, ಜ್ವರ, ಕೈಸಾಲ ಎಲ್ಲ ಒಟ್ಟಿಗೆ ಬರುವ ಕಾಲ ಅದು. ದೊಡ್ಡ ಸಲಹೆಗಾರರು ನೋಡದ್ದನ್ನು ಇಪ್ಪತ್ತು ವರ್ಷದ ಇಂಟರ್ನ್ ನೋಡಬಹುದು. ಆದರೆ ಅದಕ್ಕೆ ಪ್ರಶ್ನಾವಳಿ ಪಕ್ಕಕ್ಕಿಟ್ಟು ಜೊತೆಗಿರಬೇಕು. ಸಂಜೆ ಬಿಡುವಾದಾಗ ನೆಲದ ಮೇಲೆ ಗೆರೆ ಎಳೆದು, ಕಾಳು ಅಥವಾ ಕಲ್ಲು ಕೊಟ್ಟು, ಯಾವ ತಿಂಗಳಲ್ಲಿ ಕೆಲಸ ಜಾಸ್ತಿ, ಯಾವ ತಿಂಗಳಲ್ಲಿ ಸಾಲ ಜಾಸ್ತಿ ಎಂದು ಇಡಲು ಹೇಳಿ ನೋಡಿ. ಹೆಂಗಸರು ತಮ್ಮತಮ್ಮಲ್ಲೇ ಜಗಳವಾಡಿ, ಕಲ್ಲು ತೆಗೆದು, ಮತ್ತೆ ಇಟ್ಟು, ಒಂದು ಗಂಟೆಯಲ್ಲಿ ಇಡೀ ವರ್ಷವನ್ನು ನಿಮ್ಮ ಮುಂದೆ ಹರಡುತ್ತಾರೆ. ಇದಕ್ಕೆ ಲ್ಯಾಪ್‌ಟಾಪ್ ಬೇಡ.

ಇಂಥ ಪ್ರವಾಸಗಳ ಬಗ್ಗೆ ಕಟುವಾಗಿ ಮಾತಾಡಿದವರಲ್ಲಿ ಆಸ್ಟ್ರಿಯ ಮೂಲದ ಚಿಂತಕ ಇವಾನ್ ಇಲಿಚ್ ಮೊದಲಿಗರ ಸಾಲಿನವರು. 1968ರ ಏಪ್ರಿಲ್‌ನಲ್ಲಿ, ಬೇಸಿಗೆಗೆ ಮೆಕ್ಸಿಕೊದ ಹಳ್ಳಿಗಳಿಗೆ ಸೇವೆಗೆಂದು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರು ನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬರ್ಥದಲ್ಲಿ ಹೇಳಿಬಿಟ್ಟರು. ನನಗೆ ಅವರ ಮಾತು ಅರ್ಧ ಒಪ್ಪಿಗೆ. ಕಲಿಯಲು ಬಂದಿದ್ದೇನೆ ಎಂದು ನೇರವಾಗಿ ಹೇಳುವ ವಿದ್ಯಾರ್ಥಿಯ ಜೊತೆ ಕೆಲಸ ಮಾಡುವುದು ಸುಲಭ. ಬದಲಾವಣೆ ತರಲು ಬಂದವರ ಜೊತೆ ಕಷ್ಟ. ಆದರೆ ಸಹಾಯವೇ ಆಗುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಒಬ್ಬ ಹುಡುಗಿ ಬಂದಿದ್ದಳು, ಸಂಖ್ಯಾಶಾಸ್ತ್ರ ಓದುತ್ತಿದ್ದವಳು. ನಿಮಗೆ ಮೊದಲಿನಿಂದ ಬಾಕಿ ಉಳಿದ ಕೆಲಸ ಏನಿದೆ ಎಂದು ಕೇಳಿದಳು. ಗುಂಪುಗಳ ಹಳೆಯ ಸಾಲದ ಪುಸ್ತಕಗಳನ್ನು ತೋರಿಸಿದೆವು, ಕೆಲವು ಗೆದ್ದಲು ತಿಂದವು. ಅವಳು ಸುಮ್ನೆ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದಳು. ಅಂಕಿಗಳನ್ನಷ್ಟೇ ಕಲಿತರೆ ಸಾಕಿತ್ತು, ಅನುವಾದಕ್ಕೆ ಯಾರೂ ಕೂರಬೇಕಾಗಲಿಲ್ಲ. ಹೊರಡುವ ಮೊದಲು ತಾನು ಕಂಡದ್ದನ್ನು ಹೆಂಗಸರ ಸಭೆಯಲ್ಲೇ ಓದಿದಳು. ಜೂನ್‌ನಲ್ಲಿ ಸಾಲ ಏರುವುದು ಬಿತ್ತನೆಗೆ ಎಂದು ಬರೆದಿದ್ದಳು. ಅರ್ಧ ಬಿತ್ತನೆಗೆ, ಅರ್ಧ ಮಕ್ಕಳ ಶಾಲೆಗೆ ಎಂದು ಹೆಂಗಸರು ತಿದ್ದಿದರು. ಅವಳು ಅಲ್ಲೇ ತಿದ್ದಿಕೊಂಡಳು. ಶಾಲೆ ಶುರುವಾಗುವ ಮೊದಲೇ ಸಣ್ಣ ಸಾಲ ಕೊಡುವ ನಿರ್ಧಾರ ಆ ಸಭೆಯಲ್ಲೇ ಆಯಿತು. ಅವಳು ಮಾಡಿಕೊಟ್ಟ ಕಡತವನ್ನು ನಾವು ಈಗಲೂ ಬಳಸುತ್ತೇವೆ.

ಮಕ್ಕಳು ಮತ್ತು ರೋಗಿಗಳ ವಿಷಯಕ್ಕೆ ಬಂದರೆ ನಾನು ಇಷ್ಟು ಸಮಾಧಾನದಿಂದ ಬರೆಯಲಾರೆ. ಕಾಂಬೋಡಿಯದಲ್ಲಿ ಅನಾಥಾಶ್ರಮಗಳು ಹೆಚ್ಚಾಗುತ್ತ ಹೋದವು. ಒಳಗಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಹೊರಗಿನಿಂದ ಬರುವ ಸ್ವಯಂಸೇವಕರು, ಅವರ ಜೊತೆ ಬರುವ ದುಡ್ಡು, ಇದೇ ಅಲ್ಲಿನ ಸೆಳೆತ. ಇಂಥ ಕಡೆಗೆ ಮಕ್ಕಳನ್ನು ಸಾಗಿಸುವುದೂ ಆಧುನಿಕ ಗುಲಾಮಗಿರಿಯೇ ಎಂದು ಆಸ್ಟ್ರೇಲಿಯ 2018ರಲ್ಲಿ ಗುರುತಿಸಿತು. ಆರು ವಾರ ಎತ್ತಿ ಆಡಿಸಿ ಹೊರಟುಹೋಗುವ ಅಕ್ಕ ಅಣ್ಣಂದಿರು ಆ ಮಕ್ಕಳಿಗೆ ಬೇಡ. ವೈದ್ಯಕೀಯ ವಿದ್ಯಾರ್ಥಿಗಳದ್ದೂ ಇದೇ ಕಥೆ. ತಮ್ಮ ದೇಶದಲ್ಲಿ ಮುಟ್ಟಲು ಬಿಡದ ಸೂಜಿಯನ್ನು ಬೇರೆ ದೇಶದಲ್ಲಿ ಕೈಗೆತ್ತಿಕೊಳ್ಳಬಾರದು. ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟ 2011ರಲ್ಲೇ ಈ ಬಗ್ಗೆ ವಿದ್ಯಾರ್ಥಿಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಅವಕಾಶ ಕೊಟ್ಟರೆ ಬೇಡ ಎನ್ನುವ ಧೈರ್ಯ ವಿದ್ಯಾರ್ಥಿಗೇ ಇರಬೇಕು. ಯಾಕೆಂದರೆ ಬೇಡ ಎಂದು ಹೇಳುವ ಸ್ಥಿತಿಯಲ್ಲಿ ರೋಗಿ ಇರುವುದಿಲ್ಲ.

ಇನ್ನೊಂದು ಮಾತು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 1948ರಲ್ಲಿ ಶುರುವಾದ ಐಎಇಎಸ್‌ಟಿಇ ಎಂಬ, ದೇಶದೇಶಗಳ ನಡುವೆ ತರಬೇತಿಗೆ ವಿದ್ಯಾರ್ಥಿಗಳನ್ನು ವಿನಿಮಯ ಮಾಡಿಕೊಳ್ಳುವ ವ್ಯವಸ್ಥೆ ಇದೆ. ಅದು ಕೊಟ್ಟು ತೆಗೆದುಕೊಳ್ಳುವ ತತ್ವದ ಮೇಲೆ ನಿಂತದ್ದು. ನೀವು ಒಬ್ಬರಿಗೆ ಜಾಗ ಕೊಟ್ಟರೆ ನಿಮ್ಮವರೊಬ್ಬರಿಗೆ ಅಲ್ಲಿ ಜಾಗ. ಸಮುದಾಯ ಅಭಿವೃದ್ಧಿಯ ಇಂಟರ್ನ್‌ಶಿಪ್‌ಗಳಲ್ಲಿ ಇದು ಯಾಕೆ ಇಷ್ಟು ಅಪರೂಪ? ಶ್ರೀಮಂತ ದೇಶಗಳಲ್ಲೂ ಮನೆ ಇಲ್ಲದವರಿದ್ದಾರೆ, ಒಂಟಿ ಮುದುಕರಿದ್ದಾರೆ, ಸಾಲದಲ್ಲಿ ಮುಳುಗಿದ ಕುಟುಂಬಗಳಿವೆ. ನಮ್ಮ ಕಾರ್ಯಕರ್ತೆ ಅಲ್ಲಿಗೆ ಹೋಗಿ ಎಂಟು ವಾರ ಕೂತರೆ ಹೇಳಲು ಅವಳಿಗೂ ಏನಾದರೂ ಇರುತ್ತದೆ. ಆದರೆ ವೀಸಾ ಕಿಟಕಿಯಲ್ಲಿ ಅವಳನ್ನು ಮೊದಲು ಕೇಳುವುದು ವಾಪಸ್ ಬರುತ್ತೀರಿ ಎಂಬುದಕ್ಕೆ ಪುರಾವೆ ಏನು ಎಂದು.

ಅರ್ಜಿ ಹಾಕಲು ಹೊರಟಿರುವ ನಿಮ್ಮ ಓದುಗ ವಿದ್ಯಾರ್ಥಿಗಳು ಎಲ್ಲಿಗಾದರೂ ಹೋಗಲಿ, ಮೊದಲು ಬರಮಾಡಿಕೊಳ್ಳುವ ಸಂಸ್ಥೆಗೇ ಒಂದು ಫೋನ್ ಮಾಡಲಿ. ಈ ಕೆಲಸ ನಾನು ಬರುವ ಮೊದಲೇ ಇತ್ತೇ, ಅಥವಾ ನನಗಾಗಿ ಹುಟ್ಟಿಸಿದ್ದೇ ಎಂದು ಕೇಳಲಿ. ಆಗಸ್ಟ್ ಕಳೆದ ಮೇಲೆ ಅದನ್ನು ಯಾರು ಮುಂದುವರಿಸುತ್ತಾರೆ, ನಾನು ಕಟ್ಟಿದ ಶುಲ್ಕದಲ್ಲಿ ನಿಮಗೆ ಎಷ್ಟು ಬರುತ್ತದೆ, ಹಿಂದೆ ಬಂದ ಒಬ್ಬರ ಜೊತೆ ಮಾತಾಡಿಸುತ್ತೀರಾ ಎಂದೂ ಕೇಳಲಿ. ಕಳಿಸುವ ವಿಶ್ವವಿದ್ಯಾಲಯಗಳು ಮೇಲ್ವಿಚಾರಣೆಗೂ ಅನುವಾದಕ್ಕೂ ಹಣ ಎತ್ತಿಡಲಿ. ವರದಿಯ ಸಾರಾಂಶವನ್ನು ಆ ಊರಿನ ಭಾಷೆಯಲ್ಲಿ ಊರಿಗೆ ಕೊಡದೆ ಅಂಕ ಕೊಡುವುದಿಲ್ಲ ಎಂದು ನಿಯಮ ಮಾಡಲಿ. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ, ಪ್ರಾಧ್ಯಾಪಕರೊಬ್ಬರು ಮನಸ್ಸು ಮಾಡಿದರೆ ಸಾಕು.

ನಿಮ್ಮಲ್ಲೂ ಒಂದು ಕೋರಿಕೆ. ಶಿಕ್ಷಣ ಪುಟದಲ್ಲಿ ಮುಂದೆ ಈ ವಿಷಯ ಬಂದಾಗ ನಮ್ಮಂಥವರನ್ನೂ ಮಾತಾಡಿಸಿ. ಮಾರ್ಚ್‌ನಲ್ಲಿ ಫೋನ್ ಮಾಡಿದರೆ ಒಳ್ಳೆಯದು. ಜೂನ್‌ನಲ್ಲಿ ನಮಗೆ ಪುರುಸೊತ್ತಿರುವುದಿಲ್ಲ.

ಇತಿ,
ಒಬ್ಬ ಕ್ಷೇತ್ರ ಸಂಯೋಜಕಿ
(ಹೆಸರು ಪ್ರಕಟಿಸಬಾರದೆಂದು ಕೋರಿಕೆ)