ಬರುವ ವಾಚು, ಹೋಗುವ ವಾಚು: ಮಸ್ಕತ್‌ನ ಗೆಳೆಯನಿಗೊಂದು ಪತ್ರ

ಬೆಂಗಳೂರು
14 ಡಿಸೆಂಬರ್ 2025

ಪ್ರಿಯ ಶ್ರೀಧರ,

ನಿನ್ನ ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ಅವಸರದಲ್ಲಿ ಏನಾದರೂ ಹೇಳಿ ನಿನ್ನ ದುಡಿಮೆಯ ಹಣಕ್ಕೆ ಕುತ್ತು ತರುವುದು ಬೇಡವೆನ್ನಿಸಿತು. ದುಬೈಯ ಅಂಗಡಿಯವನು “ರೋಲೆಕ್ಸ್‌ನ ಪೆಪ್ಸಿಯ, ಅಂದರೆ ಡಯಲ್ ಸುತ್ತ ಕೆಂಪು-ನೀಲಿ ಬಳೆಯಿದ್ದು ಎರಡು ಊರಿನ ಸಮಯ ತೋರಿಸುವ ಜಿಎಂಟಿ-ಮಾಸ್ಟರ್ ವಾಚಿನ, ತಯಾರಿಕೆ ಬರುವ ಏಪ್ರಿಲ್‌ಗೆ ನಿಲ್ಲುತ್ತದೆ, ಈಗ ಕೊಂಡರೆ ಉಂಟು, ಆಮೇಲೆ ಇಲ್ಲ” ಎಂದನೆಂದೂ, ಕಂಪನಿಯ ಪಟ್ಟಿ ಬೆಲೆಯ ಮೇಲೆ ಅವನು ಕೇಳುವಷ್ಟು ಹೆಚ್ಚಿಗೆ ಕೊಡಲು ನಿನ್ನ ಟ್ಯೂಡರ್ ಬ್ಲ್ಯಾಕ್ ಬೇ 58 ವಾಚನ್ನು ಮಾರಲು ಹೊರಟಿದ್ದೀಯೆಂದೂ ಬರೆದಿದ್ದೀಯ. ಮಾರಬೇಡ. ಯಾಕೆಂದು ಕೂತು ಬರೆಯುತ್ತೇನೆ, ಸಾವಧಾನವಾಗಿ ಓದು. ಇದೇ ಪ್ರಶ್ನೆಯನ್ನು ಇನ್ನಿಬ್ಬರು ಗೆಳೆಯರೂ ಕೇಳಿದ್ದರಿಂದ, ನಿನ್ನ ಒಪ್ಪಿಗೆಯಂತೆ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಮುಂದಿನ ವರ್ಷದ ಬಗ್ಗೆ ವಾಚುಗಳ ಹುಚ್ಚಿರುವವರೆಲ್ಲ ಯಾಕೆ ಇಷ್ಟು ಗುಲ್ಲೆಬ್ಬಿಸಿದ್ದಾರೆ ಎಂಬುದು ನನಗೂ ಅರ್ಥವಾಗುತ್ತದೆ. ಏಪ್ರಿಲ್ 14ರಿಂದ 20ರವರೆಗೆ ಜಿನೀವಾದಲ್ಲಿ ವಾಚಸ್ ಆ್ಯಂಡ್ ವಂಡರ್ಸ್ ಮೇಳವಿದೆ, ಕಂಪನಿಗಳು ಹೊಸ ವಾಚುಗಳನ್ನು ಹೊರತರುವುದು ಅಲ್ಲೇ. ರೋಲೆಕ್ಸ್ ತನ್ನ ಮೊದಲ ಆಯ್ಸ್ಟರ್ ವಾಚನ್ನು, ಅಂದರೆ ನೀರು ಒಳಗೆ ಬಾರದ ಆ ಕವಚವನ್ನು, ತಂದದ್ದು 1926ರಲ್ಲಿ. ಟ್ಯೂಡರ್ ಎಂಬ ಹೆಸರು ನೋಂದಣಿಯಾದದ್ದೂ ಅದೇ ವರ್ಷ. ಪಾಟೆಕ್ ಫಿಲಿಪ್‌ನವರಿಗೆ ಜೆರಾಲ್ಡ್ ಜೆಂಟಾ ವಿನ್ಯಾಸ ಮಾಡಿಕೊಟ್ಟ ನಾಟಿಲಸ್ ಹೊರಬಂದದ್ದು 1976ರಲ್ಲಿ. ಎರಡು ಶತಮಾನೋತ್ಸವ, ಒಂದು ಸುವರ್ಣ ಮಹೋತ್ಸವ, ಎಲ್ಲವೂ ಒಂದೇ ವರ್ಷದಲ್ಲಿ. ಹೀಗಿರುವಾಗ ಊಹೆ ಮಾಡದೆ ಇರುವವರು ಯಾರು? ನಾನೂ ಮಾಡುತ್ತೇನೆ, ಅದರಲ್ಲಿ ನನಗೆ ನಿಜವಾದ ಸಂತೋಷವಿದೆ. ಈ ಪತ್ರದ ಕೊನೆಯಲ್ಲಿ ನನ್ನ ಊಹೆಗಳನ್ನೂ ಬರೆಯುತ್ತೇನೆ.

ಆದರೆ ವರ್ಷಗಳ ಲೆಕ್ಕ ಹಾಕುವವರು ಒಂದನ್ನು ಮರೆಯುತ್ತಾರೆ. 2003ರಲ್ಲಿ ಸಬ್‌ಮರೀನರ್‌ಗೆ ಐವತ್ತಾದಾಗ ರೋಲೆಕ್ಸ್ ಹಸಿರು ಬಳೆಯ ವಾಚು ತಂದಿತು. 2005ರಲ್ಲಿ ಜಿಎಂಟಿ-ಮಾಸ್ಟರ್‌ಗೆ ಐವತ್ತಾದಾಗ ಚಿನ್ನದ ಕವಚಕ್ಕೆ ಹಸಿರು ಡಯಲ್ ಬಂತು. 2013ರಲ್ಲಿ ಡೇಟೋನಾದ ಸರದಿ, ಪ್ಲಾಟಿನಂ ಕವಚ, ಹಿಮದ ನೀಲಿ ಡಯಲ್. ಇಷ್ಟನ್ನೇ ನೋಡಿದರೆ ಹುಟ್ಟುಹಬ್ಬವೆಂದರೆ ಉಡುಗೊರೆ ಖಂಡಿತ ಎನ್ನಿಸುತ್ತದೆ. ಅದೇ 2013ರಲ್ಲಿ ಸಬ್‌ಮರೀನರ್‌ಗೆ ಅರವತ್ತಾಯಿತು, ಏನೂ ಬರಲಿಲ್ಲ. 2023ರಲ್ಲಿ ಎಪ್ಪತ್ತಾಯಿತು. ಆ ವರ್ಷ ನಾನು ಬರೆದಿಟ್ಟುಕೊಂಡ ಪಟ್ಟಿಯ ಮೊದಲ ಸಾಲಿನಲ್ಲೇ ಸಬ್‌ಮರೀನರ್ ಇತ್ತು. ಆಗಲೂ ಏನೂ ಬರಲಿಲ್ಲ. ನನ್ನ ಪಟ್ಟಿಯ ಎರಡನೆಯ ಸಾಲು ಹೊಸ ಮಿಲ್ಗಾಸ್, ಅದೂ ರೋಲೆಕ್ಸ್ ವಾಚೇ. ಹೊಸದು ಬರುವುದಿರಲಿ, ಇದ್ದ ಮಿಲ್ಗಾಸ್ ಕೂಡ ಆ ವರ್ಷ ಕಂಪನಿಯ ಪಟ್ಟಿಯಿಂದ ಸದ್ದಿಲ್ಲದೆ ಮಾಯವಾಯಿತು.

ಅದರ ಹಿಂದಿನ ವರ್ಷ, 2022ರಲ್ಲಿ, ಕಿರೀಟವನ್ನು, ಅಂದರೆ ಕೀ ಕೊಡುವ ತಿರುಗಣಿಯನ್ನು, ಎಡಗಡೆಗೆ ಇಟ್ಟು ಹಸಿರು-ಕಪ್ಪು ಬಳೆ ತೊಡಿಸಿದ ಜಿಎಂಟಿಯನ್ನು ತಂದರಲ್ಲ, ನೆನಪಿದೆಯೇ? ನಾವಿಬ್ಬರೂ ಅಂದು ಫೋನಿನಲ್ಲಿ ಮಾತನಾಡುತ್ತಲೇ ಚಿತ್ರ ನೋಡಿದೆವು. ಚಿತ್ರವನ್ನು ಯಾರೋ ತಿರುಗಿಸಿ ಹಾಕಿದ್ದಾರೆ ಎಂದು ನೀನು ಹೇಳಿದ್ದೆ. ಅಂಥದ್ದನ್ನು ಯಾವ ಪಂಡಿತನೂ ಊಹಿಸಿರಲಿಲ್ಲ.

ಊಹೆಗೆ ವರ್ಷಗಳ ಲೆಕ್ಕಕ್ಕಿಂತ ಗಟ್ಟಿಯಾದ ಆಧಾರಗಳೂ ಇವೆ, ಅವನ್ನು ಅಲ್ಲಗಳೆಯುವುದಿಲ್ಲ. ವ್ಯಾಪಾರಚಿಹ್ನೆಯ ನೋಂದಣಿ, ಪೇಟೆಂಟ್ ಅರ್ಜಿ ಇವೆಲ್ಲ ಬಹಿರಂಗ ದಾಖಲೆಗಳು, ಹುಡುಕುವ ತಾಳ್ಮೆ ಇರುವವರಿಗೆ ಸಿಗುತ್ತವೆ. ರೋಲೆಕ್ಸ್ ತಂದ ಲ್ಯಾಂಡ್-ಡ್ವೆಲರ್ ಎಂಬ ಹೆಸರು ವಾಚು ಬರುವ ಬಹಳ ಮುಂಚೆಯೇ ಹಾಗೆ ಕಂಡಿತ್ತು. ಇನ್ನು ಪ್ರಸಿದ್ಧರ ಮಣಿಕಟ್ಟು. 2023ರ ನವೆಂಬರ್‌ನಲ್ಲಿ ನಟ ಡೇನಿಯಲ್ ಕ್ರೇಗ್ ನ್ಯೂಯಾರ್ಕ್‌ನ ಸಮಾರಂಭವೊಂದಕ್ಕೆ ಬಿಳಿ ಡಯಲ್‌ನ ಒಮೆಗಾ ಸ್ಪೀಡ್‌ಮಾಸ್ಟರ್ ಕಟ್ಟಿಕೊಂಡು ಬಂದರು; ಅದು ಅಂಗಡಿಗೆ ಬಂದದ್ದು 2024ರ ಮಾರ್ಚ್‌ನಲ್ಲಿ. ಪಾಟೆಕ್‌ನ ಕ್ಯೂಬಿಟಸ್ 2024ರ ಅಕ್ಟೋಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಬಿಡುಗಡೆಯಾಗುವ ಮುಂಚೆಯೇ ಅಮೆರಿಕದ ನಿಯತಕಾಲಿಕವೊಂದರ ಜಾಹೀರಾತಿನಲ್ಲಿ ಕಾಣಿಸಿಕೊಂಡಿತ್ತು. ಈ ವರ್ಷ ರೋಜರ್ ಫೆಡರರ್ ಕೈಯಲ್ಲಿ ಲ್ಯಾಂಡ್-ಡ್ವೆಲರ್ ಮೇಳಕ್ಕೆ ಕೆಲವೇ ದಿನ ಮುಂಚೆ ಕಂಡಿತು. ಆದರೆ ಹೆಸರು ಗೊತ್ತಿದ್ದರೆ ವಾಚು ಗೊತ್ತಿದ್ದಂತೆ ಅಲ್ಲ. ಆ ಹೆಸರು ಕೇಳಿ ನಾನು ಬೆಟ್ಟಗುಡ್ಡ ಅಲೆಯುವವರಿಗೆಂದು ಮಾಡಿದ, ಎಕ್ಸ್‌ಪ್ಲೋರರ್‌ನಂಥ ಸರಳ ವಾಚನ್ನು ಕಲ್ಪಿಸಿಕೊಂಡಿದ್ದೆ. ಬಂದದ್ದು ಕವಚದಿಂದಲೇ ಹರಿದುಬರುವ ಕೈಪಟ್ಟಿ, ಜೇನುಗೂಡಿನ ವಿನ್ಯಾಸದ ಡಯಲ್, ಒಳಗೆ ಯಂತ್ರದ ಓಟವನ್ನು ಹದದಲ್ಲಿಡುವ, ಡೈನಾಪಲ್ಸ್ ಎಂಬ ಹೊಸ ಬಗೆಯ ಎಸ್ಕೇಪ್‌ಮೆಂಟ್. ಒಳಗಿನ ಆ ಕೆಲಸ ನನಗೆ ಬಹಳ ಇಷ್ಟವಾಯಿತು. ಅದರ ಬಗ್ಗೆಯೇ ಬೇರೆ ಪತ್ರ ಬರೆಯಬೇಕು.

ಬರುವುದರ ಊಹೆ ತಪ್ಪಿದರೆ ಯಾರಿಗೂ ನಷ್ಟವಿಲ್ಲ, ಶ್ರೀಧರ. ಹೋಗುವುದರ ಊಹೆ ಹಾಗಲ್ಲ, ಅದು ಜನರ ಕಿಸೆಗೆ ಕೈಹಾಕುತ್ತದೆ. “ನಿಲ್ಲುತ್ತದೆ” ಎಂಬ ಮಾತನ್ನು ಸಾಬೀತು ಮಾಡುವ ಹೊಣೆ ಹೇಳಿದವನ ಮೇಲಿಲ್ಲ. ರೋಲೆಕ್ಸ್ ಮುಂಚಿತವಾಗಿ ಏನನ್ನೂ ಹೇಳುವುದಿಲ್ಲ, ಅಲ್ಲಗಳೆಯುವುದೂ ಇಲ್ಲ. ಆ ಮೌನದ ಜಾಗದಲ್ಲಿ ಅಂಗಡಿಯವನು ತನ್ನ ಬೆಲೆಯನ್ನು ಬರೆಯುತ್ತಾನೆ. ಪೆಪ್ಸಿಯ ವಿಷಯವನ್ನೇ ನೋಡು. ಸೆರಾಮಿಕ್ ಬಳೆಯ ಉಕ್ಕಿನ ಪೆಪ್ಸಿ ಬಂದದ್ದು 2018ರಲ್ಲಿ. ಆ ಕೆಂಪು-ನೀಲಿ ಬಳೆ ಒಂದೇ ತುಂಡು ಸೆರಾಮಿಕ್. ಮೊದಲು ಇಡೀ ಬಳೆ ಕೆಂಪು, ಅದರ ಅರ್ಧಕ್ಕೆ ದ್ರಾವಣ ಊಡಿಸಿ, ಕುಲುಮೆಯಲ್ಲಿ ಸುಟ್ಟು ನೀಲಿಯಾಗಿಸುತ್ತಾರೆ. ಕಷ್ಟದ ಕೆಲಸ, ನಿಜ. ಆ ಕಷ್ಟವೇ ವದಂತಿಗೆ ಬೇರು. ಕಳೆದ ಮೂರು ನಾಲ್ಕು ವರ್ಷಗಳಿಂದ ಪ್ರತಿ ಏಪ್ರಿಲ್‌ಗೂ “ಈ ಸಲ ಖಂಡಿತ ನಿಲ್ಲುತ್ತದೆ” ಎಂಬುದನ್ನು ಕೇಳುತ್ತಿದ್ದೇನೆ. ಒಂದು ವರ್ಷ ಅದು ನಿಜವಾಗಲೂಬಹುದು, 2026ರಲ್ಲೇ ಆಗಬಹುದು. ಆದರೆ ಅವನು ನಿನಗೆ ಹೇಳಿದ ಬೆಲೆಯಲ್ಲಿ ಆ ಸುದ್ದಿ ಈಗಾಗಲೇ ಸೇರಿಹೋಗಿದೆ. ನಿಂತರೆ ನಿನಗೆ ಹೊಸ ಲಾಭವಿಲ್ಲ, ನಿಲ್ಲದಿದ್ದರೆ ನಷ್ಟ ಪೂರ್ತಿ ನಿನ್ನದು.

ನಾಟಿಲಸ್ 5711ರ ಕಥೆ ನಿನಗೆ ಗೊತ್ತಿದ್ದರೂ ಮತ್ತೆ ಹೇಳುತ್ತೇನೆ. ಉಕ್ಕಿನ ವಾಚು, ನೀಲಿ ಡಯಲ್, ಪಟ್ಟಿ ಬೆಲೆ ಸುಮಾರು 35 ಸಾವಿರ ಡಾಲರ್. 2021ರ ಜನವರಿಯಲ್ಲಿ ಅದು ನಿಂತಿತೆಂಬುದು ಖಚಿತವಾಯಿತು. ಏಪ್ರಿಲ್‌ನಲ್ಲಿ ವಿದಾಯವೆಂಬಂತೆ ಹಸಿರು ಡಯಲ್ ಬಂತು. ಇನ್ನು ಮುಗಿಯಿತು ಎಂದುಕೊಂಡಾಗ ಡಿಸೆಂಬರ್‌ನಲ್ಲಿ ಅಮೆರಿಕದ ಆಭರಣ ಕಂಪನಿ ಟಿಫನಿಯ ಹೆಸರು ಹೊತ್ತ, ಅವರ ಬಣ್ಣದ ಡಯಲ್‌ನ 170 ವಾಚುಗಳು ಬಂದವು. ಅದರಲ್ಲಿ ಒಂದು ನ್ಯೂಯಾರ್ಕ್‌ನ ಹರಾಜಿನಲ್ಲಿ 65 ಲಕ್ಷ ಡಾಲರ್‌ಗೆ ಹೋಯಿತು. ಹಣ ಪರಿಸರ ರಕ್ಷಣೆಯ ಸಂಸ್ಥೆಯೊಂದಕ್ಕೆ ಸೇರಿತು, ಅದು ಒಳ್ಳೆಯದೇ. ಆದರೆ ಆ ಒಂದು ಸಂಖ್ಯೆ ಎಷ್ಟು ಮನೆಗಳಲ್ಲಿ ಎಷ್ಟು ಜನರ ನಿದ್ದೆ ಕೆಡಿಸಿತು! 2022ರ ಆರಂಭಕ್ಕೆ ಸಾಮಾನ್ಯ ನೀಲಿ 5711 ಪಟ್ಟಿ ಬೆಲೆಯ ನಾಲ್ಕು ಪಟ್ಟಿಗಿಂತ ಹೆಚ್ಚಿಗೆ ಮಾರಾಟವಾಗುತ್ತಿತ್ತು. ಮಿಲ್ಗಾಸ್‌ಗೂ ಸಬ್‌ಮರೀನರ್‌ಗೂ ಅದೇ ಗಾಳಿ ಬೀಸಿತು. ಆ ವರ್ಷದ ಬೇಸಿಗೆ ಕಳೆಯುವ ಹೊತ್ತಿಗೆ ಗಾಳಿ ತಿರುಗಿತು, ಮುಂದಿನ ಎರಡು ವರ್ಷ ಬೆಲೆ ಇಳಿಯುತ್ತಲೇ ಹೋಯಿತು. ವರ್ಷಗಟ್ಟಲೆ ಮೊದಲು ಕೊಂಡು ಕಟ್ಟಿಕೊಂಡವರಿಗೆ ಏನೂ ಆಗಲಿಲ್ಲ. “ನಿಂತುಹೋಯಿತಂತೆ” ಎಂದು ಕೇಳಿ ತುತ್ತತುದಿಯಲ್ಲಿ ಕೊಂಡವರು ಮಾತ್ರ ಇಂದಿಗೂ ಅದನ್ನು ಕಟ್ಟಿಕೊಳ್ಳಲೂ ಆಗದೆ ಮಾರಲೂ ಆಗದೆ ಬ್ಯಾಂಕಿನ ಲಾಕರಿನಲ್ಲಿ ಇಟ್ಟಿದ್ದಾರೆ. ಅಂಥ ಒಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ವಾಚಿನ ಮಾತೆತ್ತಿದರೆ ಈಗ ಅವರು ಬೇರೆ ವಿಷಯಕ್ಕೆ ಹೋಗುತ್ತಾರೆ.

ಇದನ್ನು ತಿಳಿಯಲು ಜಿನೀವಾಕ್ಕೇ ಹೋಗಬೇಕಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ನಮ್ಮ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾಯಿತು. 2014ರ ಸೆಪ್ಟೆಂಬರ್‌ನಲ್ಲಿ ವಾಚು ವಿಭಾಗ ಮುಚ್ಚುತ್ತಾರೆಂಬ ಸುದ್ದಿ ಬಂದಾಗ ಜನ ಅಂಗಡಿಗಳಿಗೆ ಮುಗಿಬಿದ್ದರು. ನಾನೂ ಹೋಗಿದ್ದೆ. ಹಿಂದಿನ ವಾರದವರೆಗೆ ಯಾರೂ ತಿರುಗಿ ನೋಡದಿದ್ದ, ಕೀ ಕೊಡುವ ಜನತಾ ಮತ್ತು ಪೈಲಟ್‌ಗಳಿಗೆ ಸರತಿ ಸಾಲು. ಪೈಲಟ್ ಸಿಗದೆ ಜನತಾ ತೆಗೆದುಕೊಂಡು ಬಂದೆ. ಆಮೇಲೆ ಆದದ್ದು ಹೆಚ್ಚು ನೋವಿನ ಸಂಗತಿ. ಬೇಡಿಕೆ ಏರಿದ್ದೇ ತಡ, ಹಳೆಯ ಯಂತ್ರಗಳಿಗೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿದ ವಾಚುಗಳು “ಅಪರೂಪದ ಎಚ್‌ಎಂಟಿ” ಎಂಬ ಹೆಸರಿನಲ್ಲಿ ಎಲ್ಲೆಲ್ಲೂ ತುಂಬಿಕೊಂಡವು. ಕಾರ್ಖಾನೆಯಲ್ಲಿ ಎಂದೂ ತಯಾರಾಗದ ಕಿತ್ತಳೆ, ಗುಲಾಬಿ ಪೈಲಟ್‌ಗಳು. ಹೊಸದಾಗಿ ಸಂಗ್ರಹ ಶುರುಮಾಡಿದ ಹುಡುಗರು ಪಾಕೆಟ್ ಮನಿ ಕೂಡಿಸಿ ಅವನ್ನು ಕೊಂಡು ನನ್ನ ಬಳಿ ತರುತ್ತಾರೆ. ಹಿಂಬದಿಯ ಮುಚ್ಚಳ ತೆಗೆದು ನಿಜ ಹೇಳುವಾಗ ಅವರ ಮುಖ ನೋಡಲಾಗುವುದಿಲ್ಲ.

ನನ್ನದೇ ಒಂದು ತಪ್ಪನ್ನು ನಿನಗೆ ಇದುವರೆಗೆ ಹೇಳಿಲ್ಲ. ಮಗಳು ಹುಟ್ಟಿದ ವರ್ಷ ಕೊಂಡ ಒಮೆಗಾ ಸ್ಪೀಡ್‌ಮಾಸ್ಟರ್ ನನ್ನ ಬಳಿ ಇತ್ತಲ್ಲ, ಒಳಗೆ 1861 ಎಂಬ ಸಂಖ್ಯೆಯ ಯಂತ್ರವಿದ್ದದ್ದು? 2020ರ ಕೊನೆಗೆ, ಹೊಸ ಯಂತ್ರದ ಸ್ಪೀಡ್‌ಮಾಸ್ಟರ್ ಬರುತ್ತದೆ, ಬಂದ ಮೇಲೆ ಹಳೆಯದಕ್ಕೆ ಬೆಲೆಯಿರುವುದಿಲ್ಲ ಎಂಬ ಮಾತು ಹರಡಿತ್ತು. ನಂಬಿ ಮಾರಿದೆ. ಊಹೆ ಸರಿಯಾಗಿಯೇ ಇತ್ತು: 2021ರ ಜನವರಿಯಲ್ಲಿ 3861 ಯಂತ್ರದ ಹೊಸ ಸ್ಪೀಡ್‌ಮಾಸ್ಟರ್ ಬಂತು, ಎಲ್ಲ ರೀತಿಯಲ್ಲೂ ಉತ್ತಮವಾದದ್ದು. ಅಂಗಡಿಯಲ್ಲಿ ಕೈಗೆ ಕಟ್ಟಿ ನೋಡಿದೆ. ಕೊಳ್ಳಲು ಮನಸ್ಸಾಗಲಿಲ್ಲ. ಹೆರಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ನೋಡುತ್ತ ಕೂತದ್ದು ಬೇರೆ ವಾಚನ್ನು. ನನ್ನಿಂದ ಕೊಂಡವರನ್ನು ಹುಡುಕಿ ಕೇಳಿದೆ. ಅವರು ಅಷ್ಟರಲ್ಲಿ ಇನ್ನೊಬ್ಬರಿಗೆ ಮಾರಿದ್ದರು. ನಿನ್ನ ಬ್ಲ್ಯಾಕ್ ಬೇ ಬಗ್ಗೆ ಇಷ್ಟು ಹಟ ಹಿಡಿದು ಹೇಳುತ್ತಿರುವುದು ಇದಕ್ಕಾಗಿಯೇ. 2018ರಲ್ಲಿ ಅದು ಬಂದಾಗ ನೀನು ಒಂದು ವರ್ಷ ಕಾದು ಪಟ್ಟಿ ಬೆಲೆಗೇ ಕೊಂಡೆ. ಏಳು ಬೇಸಿಗೆ ಅದನ್ನು ಕಟ್ಟಿಕೊಂಡೇ ಸಮುದ್ರಕ್ಕೆ ಇಳಿದಿದ್ದೀಯ. ಅದರ ಬಳೆಯ ಮೇಲಿರುವ ಒಂದೊಂದು ಗೀರಿನ ಕಥೆಯನ್ನೂ ನೀನು ನನಗೆ ಹೇಳಿದ್ದೀಯ.

ಇನ್ನೊಂದು ಮಾತು. ಮಸ್ಕತ್‌ನ ಸಮಯದ ಜೊತೆಗೆ ಸಾಗರದಲ್ಲಿರುವ ಅಮ್ಮನ ಸಮಯವೂ ಕಣ್ಣೆದುರಿಗಿರಬೇಕು, ಅದಕ್ಕೇ ಜಿಎಂಟಿ ಬೇಕು ಎಂದು ಬರೆದಿದ್ದೀಯ. ಅದನ್ನು ಓದಿ ಮನಸ್ಸು ತುಂಬಿತು. ಆದರೆ ನಮ್ಮಿಬ್ಬರ ಊರುಗಳ ನಡುವೆ ಒಂದೂವರೆ ಗಂಟೆಯ ಅಂತರ. ಆ ವಾಚಿನ ಬಳೆ ತಿರುಗುವುದು 24 ಹೆಜ್ಜೆಗಳಲ್ಲಿ, ಗಂಟೆಗೊಂದು ಹೆಜ್ಜೆ. ಗಂಟೆಯ ಮುಳ್ಳು ಜಿಗಿಯುವುದೂ ಇಡೀ ಗಂಟೆಯಷ್ಟೇ. ಲಂಡನ್, ನ್ಯೂಯಾರ್ಕ್ ನಡುವೆ ಹಾರುತ್ತಿದ್ದ ಪ್ಯಾನ್ ಆ್ಯಮ್ ವಿಮಾನ ಚಾಲಕರಿಗೆಂದು 1950ರ ದಶಕದಲ್ಲಿ ಮಾಡಿದ್ದು ಅದು, ನಮ್ಮ ಅರ್ಧ ಗಂಟೆ ಅವರ ಲೆಕ್ಕದಲ್ಲಿ ಇರಲಿಲ್ಲ. ಆ ಅರ್ಧ ಗಂಟೆಯನ್ನು ನೀನು ತಲೆಯಲ್ಲೇ ಕೂಡಿಸಬೇಕು, ಈಗ ಹೇಗೆ ಕೂಡಿಸುತ್ತೀಯೋ ಹಾಗೆಯೇ. ಆದರೂ ಬೇಕೆನ್ನಿಸಿದರೆ ಮಸ್ಕತ್‌ನ ಅಧಿಕೃತ ಮಾರಾಟಗಾರರ ಬಳಿ ಹೆಸರು ಬರೆಸಿ ಕಾಯಿ. ಊರಿಗೆ ಬಂದಾಗ ಇಲ್ಲೂ ವಿಚಾರಿಸೋಣ: ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಒಕ್ಕೂಟದ ಜೊತೆ ಭಾರತ ಮಾಡಿಕೊಂಡ ಒಪ್ಪಂದ ಕಳೆದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಸ್ವಿಸ್ ವಾಚುಗಳ ಮೇಲಿನ ಆಮದು ಸುಂಕ ವರ್ಷದಿಂದ ವರ್ಷಕ್ಕೆ ಇಳಿಯಲಿದೆ.

ಈಗ ನನ್ನ ಊಹೆಗಳು. ನಾಟಿಲಸ್‌ನ ಐವತ್ತಕ್ಕೆ ವಿಶೇಷ ವಾಚು ಬರುತ್ತದೆ, ಆದರೆ ಉಕ್ಕಿನಲ್ಲಿ ಅಲ್ಲ. ನಲವತ್ತಕ್ಕೆ ತಂದದ್ದು ಪ್ಲಾಟಿನಂನ 700 ಮತ್ತು ಬಿಳಿ ಚಿನ್ನದ 1,300 ವಾಚುಗಳು. 5711ರ ಜಾಗಕ್ಕೆ 2022ರಲ್ಲಿ ಬಂದ 5811 ಕೂಡ ಬಿಳಿ ಚಿನ್ನದ್ದೇ. ಪಾಟೆಕ್ ಕಂಪನಿಯ ಅಧ್ಯಕ್ಷ ಥಿಯೆರಿ ಸ್ಟರ್ನ್ ಆ ದಾರಿ ಬಿಡುವಂತೆ ನನಗೆ ಕಾಣುವುದಿಲ್ಲ. ಟ್ಯೂಡರ್ ತನ್ನ ನೂರನ್ನು ಸುಮ್ಮನೆ ಕಳೆಯಲಾರದು. ನೀನು ಕಟ್ಟಿರುವ ವಾಚಿನ ಕುಟುಂಬಕ್ಕೇ ಏನಾದರೂ ಸೇರಬಹುದು. ಆಯ್ಸ್ಟರ್‌ನ ನೂರಕ್ಕೆ ಯಾವುದೋ ಸಣ್ಣ, ಸರಳ ವಾಚಿನ ಮೇಲೆ ಗುರುತು ಬರಲಿ ಎಂಬುದು ನನ್ನ ಆಸೆ, ಊಹೆಯಲ್ಲ. ಪೆಪ್ಸಿ ನಿಂತರೆ ಕಪ್ಪು-ಕೆಂಪು ಬಳೆಯದು ಬರುತ್ತದೆ ಎಂದು ಬರೆದಿಟ್ಟುಕೊಂಡಿದ್ದೇನೆ.

ಏಪ್ರಿಲ್ 14ಕ್ಕೆ ನಾನು ರಜೆ ಹಾಕುತ್ತೇನೆ. ಜಿನೀವಾದಲ್ಲಿ ಬೆಳಿಗ್ಗೆ ಒಂಬತ್ತಾದಾಗ ನಿನಗೆ ಹನ್ನೊಂದು, ನನಗೆ ಹನ್ನೆರಡೂವರೆ. ಪ್ರತಿ ವರ್ಷದಂತೆ ಫೋನ್ ಮಾಡು. ಟ್ಯೂಡರ್ ಕಟ್ಟಿಕೊಂಡೇ ಮಾಡು.

ಅಮ್ಮನನ್ನು ಹೋದ ಭಾನುವಾರ ನೋಡಿ ಬಂದೆ, ಚೆನ್ನಾಗಿದ್ದಾರೆ. ನಿನ್ನ ಫೋನ್ ಬರುವ ಹೊತ್ತಿಗೆ ಸರಿಯಾಗಿ ಗೋಡೆ ಗಡಿಯಾರ ನೋಡುತ್ತಾರೆ.

ನಿನ್ನ,
ಮಂಜುನಾಥ