ಗಂಡನಿಗೆ ಒಂದು ಕಾರಣ ಸಾಕಿತ್ತು, ಹೆಂಡತಿಗೆ ಎರಡು ಬೇಕಿತ್ತು

ಸಂಪಾದಕರಿಗೆ ನಮಸ್ಕಾರ.

ವಿಚ್ಛೇದನದ ಸುದ್ದಿ ಬಂದಾಗಲೆಲ್ಲ ‘ಹಿಂದೆ ಇದೆಲ್ಲ ಇರಲಿಲ್ಲ, ಸಂಸಾರಗಳು ಗಟ್ಟಿಯಾಗಿದ್ದವು’ ಅಂತ ಯಾರಾದರೂ ಬರೆದೇ ಬರೆಯುತ್ತಾರೆ. ಓದಿದರೆ ಬೇಜಾರಾಗುತ್ತದೆ. ಎಷ್ಟೋ ಹೆಂಗಸರು ಮದುವೆಯೊಳಗೆ ಉಳಿದದ್ದು ಹೊರಗಿನಿಂದ ಚಿಲಕ ಹಾಕಿದ್ದರಿಂದ. ಆ ಚಿಲಕ ಕಾನೂನಿನಲ್ಲೇ ಇತ್ತು.

ನಮ್ಮ ದೇಶದ ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಅನ್ವಯಿಸುತ್ತದೆ. ಅದರ 10ನೇ ಸೆಕ್ಷನ್ 2001ರವರೆಗೆ ಹೇಗಿತ್ತು ನೋಡಿ. ಹೆಂಡತಿಗೆ ಬೇರೆಯವನ ಜೊತೆ ಸಂಬಂಧ ಇದೆ ಎಂದು ಸಾಬೀತಾದರೆ ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗೆ ಅಷ್ಟು ಸಾಲುತ್ತಿರಲಿಲ್ಲ. ಗಂಡ ಇನ್ನೊಬ್ಬಳ ಜೊತೆ ಇದ್ದಾನೆ ಅಂತ ತೋರಿಸಿದ ಮೇಲೂ, ಅವನು ತನಗೆ ಹಿಂಸೆ ಕೊಟ್ಟಿದ್ದಾನೆ ಅಂತಲೋ, ಕಾರಣವಿಲ್ಲದೆ ಎರಡು ವರ್ಷ ತನ್ನನ್ನು ಬಿಟ್ಟು ಹೋಗಿದ್ದಾನೆ ಅಂತಲೋ ಅವಳು ಮತ್ತೆ ಸಾಕ್ಷಿ ಹುಡುಕಬೇಕಿತ್ತು. ಬೇರೆ ಕೆಲವು ಕಾರಣಗಳೂ ಇದ್ದವು, ಆದರೆ ಅವೆಲ್ಲ ಇನ್ನೂ ಘೋರವಾದವು. ಬರೀ ಹೊಡೆತ ಬಡಿತ ಆದರೆ ಬೇರೆ ವಾಸಕ್ಕೆ ಕೋರ್ಟು ಒಪ್ಪುತ್ತಿತ್ತು, ಮದುವೆ ಮಾತ್ರ ಮುಗಿಯುತ್ತಿರಲಿಲ್ಲ. ಅಂದರೆ ಇನ್ನೊಂದು ಮದುವೆಯ ಮಾತೇ ಇಲ್ಲ.

ಇಷ್ಟೇ ಅಲ್ಲ. ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡ ಗಂಡಸಿನಿಂದ ಗಂಡ ಪರಿಹಾರದ ಹಣ ಕೇಳಬಹುದಿತ್ತು. ಹೆಂಡತಿಗೆ ಅಂಥ ಹಕ್ಕು ಕೊಟ್ಟಿರಲಿಲ್ಲ. ಜಿಲ್ಲಾ ನ್ಯಾಯಾಲಯ ವಿಚ್ಛೇದನ ಕೊಟ್ಟರೂ ಅದನ್ನು ಹೈಕೋರ್ಟ್ ಖಾಯಂ ಮಾಡಬೇಕಿತ್ತು, ಅಲ್ಲಿಯವರೆಗೆ ಕಾಯುತ್ತಾ ಕೂರಬೇಕು.

ಇದನ್ನು ಬರೆದವರು ಬ್ರಿಟಿಷರು, ನಿಜ. ಇಂಗ್ಲೆಂಡಿನ 1857ರ ಕಾಯ್ದೆಯನ್ನೇ ಇಲ್ಲಿಗೆ ತಂದರು. ಹೆಂಡತಿ ತಪ್ಪಿದರೆ ಹುಟ್ಟುವ ಮಗು ಯಾರದೆಂಬ ಅನುಮಾನ ಬರುತ್ತದೆ, ಗಂಡ ತಪ್ಪಿದರೆ ಹಾಗಾಗುವುದಿಲ್ಲ ಅನ್ನುವುದು ಅವರ ವಾದ. ಆದರೆ ಅವರೇ 1923ರಲ್ಲಿ ತಮ್ಮ ಕಾನೂನು ತಿದ್ದಿಕೊಂಡು ಹೆಂಡತಿಗೂ ಅದೊಂದೇ ಕಾರಣ ಸಾಕು ಎಂದರು. ನಾವು ಸ್ವತಂತ್ರರಾದ ಮೇಲೂ ಹಳೆಯದನ್ನೇ ಇಟ್ಟುಕೊಂಡೆವು. ನನಗೆ ಸಿಟ್ಟು ಬರುವುದು ಇಲ್ಲೇ. ಯಾಕೆಂದರೆ ನಮ್ಮ ಸಂಸತ್ತಿಗೆ ಸಮಾನತೆ ಗೊತ್ತಿರಲಿಲ್ಲ ಅಂತ ಹೇಳುವ ಹಾಗಿಲ್ಲ, 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಈ ಕಾರಣವನ್ನು ಗಂಡ ಹೆಂಡತಿ ಇಬ್ಬರಿಗೂ ಒಂದೇ ರೀತಿ ಇಟ್ಟದ್ದು ಅದೇ ಸಂಸತ್ತು.

ಕಾನೂನು ಆಯೋಗ 1960ರಲ್ಲಿ, 1983ರಲ್ಲಿ, 1998ರಲ್ಲಿ ಕ್ರೈಸ್ತರ ಈ ಕಾಯ್ದೆಯ ಬಗ್ಗೆ ವರದಿ ಕೊಟ್ಟಿತು. 1985ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಮದುವೆಯ ಕಾನೂನು ಬದಲಾಗಬೇಕೆಂದು ತೀರ್ಪಿನಲ್ಲೇ ಬರೆದರು. 1995ರಲ್ಲಿ ಕೇರಳ ಹೈಕೋರ್ಟ್ ಈ ತಾರತಮ್ಯದ ಮಾತುಗಳನ್ನು ಸೆಕ್ಷನ್‌ನಿಂದ ಕಿತ್ತುಹಾಕಿತು. ಸಂಸತ್ತು ಎದ್ದು ತಿದ್ದಿದ್ದು 2001ರಲ್ಲಿ. 132 ವರ್ಷ ಆಗಿತ್ತು! ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೋಲಾರದ ಗಣಿ ಊರಿನಲ್ಲೋ ಇದ್ದ ಎಷ್ಟು ಕ್ರೈಸ್ತ ಹೆಂಗಸರು ಈ ಎರಡನೇ ಕಾರಣ ಸಿಗದೆ ಸುಮ್ಮನಾಗಿರಬಹುದು ಯೋಚಿಸಿ. ಕೋರ್ಟಿಗೇ ಹೋಗದವರು ಯಾವ ಲೆಕ್ಕದಲ್ಲೂ ಸಿಗುವುದಿಲ್ಲ ಅಲ್ವಾ?

ಇನ್ನೊಂದು ಮಾತು. ಅಕ್ರಮ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ದಂಡ ಸಂಹಿತೆಯ 497ನೇ ಸೆಕ್ಷನ್ ಅನ್ನು 2018ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ, ಇನ್ನು ಅಕ್ರಮ ಸಂಬಂಧಕ್ಕೆ ಕೇಳುವವರೇ ಇಲ್ಲ ಅಂತ ತುಂಬಾ ಜನ ತಿಳಿದುಕೊಂಡರು. ಹಾಗಲ್ಲ. ಅದಕ್ಕೆ ಜೈಲು ಇಲ್ಲ ಅಷ್ಟೇ, ವಿಚ್ಛೇದನಕ್ಕೆ ಅದು ಈಗಲೂ ಕಾರಣವೇ, ಇಬ್ಬರಿಗೂ.

ಕೆಲಸ ಇನ್ನೂ ಬಾಕಿ ಇದೆ. ಇಬ್ಬರೂ ಒಪ್ಪಿ ಬೇರೆಯಾಗಲು ಹಿಂದೂಗಳು ಒಂದು ವರ್ಷ ದೂರವಿದ್ದರೆ ಸಾಕು ಎಂದಿದ್ದರೆ, 2001ರ ತಿದ್ದುಪಡಿ ಕ್ರೈಸ್ತರಿಗೆ ಎರಡು ವರ್ಷ ಇಟ್ಟಿತು. 2010ರಲ್ಲಿ ಕೇರಳ ಹೈಕೋರ್ಟ್ ಅದನ್ನೂ ಒಂದೇ ವರ್ಷ ಎಂದು ಓದಿಕೊಳ್ಳಬೇಕು ಅಂದಿತು. ಒಬ್ಬೊಬ್ಬರೂ ಕೋರ್ಟಿಗೆ ಅಲೆದು ಇದನ್ನು ಪಡೆಯಬೇಕಾ? ನಮ್ಮ ರಾಜ್ಯದ ಸಂಸದರು, ಯಾವ ಪಕ್ಷದವರೇ ಆಗಲಿ, ಕಾಯ್ದೆಯ ಆ ಸಾಲನ್ನೇ ತಿದ್ದಲು ಸಂಸತ್ತಿನಲ್ಲಿ ಕೇಳಬೇಕು.

— ಒಬ್ಬ ಓದುಗ, ಮಂಗಳೂರು