ಮೂರನೆಯ ಮಗುವಿನ ಬಹುಮಾನ: ದೊಡ್ಡಮ್ಮನ ಪತ್ರ

ಸೋಮವಾರಪೇಟೆ

ಚಿ. ಪುಟ್ಟುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳುಹಿಸಿದ ಭಾಷಣದ ಕರಡನ್ನು ಓದಿದೆ. ಸಂಘದ ವಾರ್ಷಿಕ ಸಭೆಯಲ್ಲಿ ಮಾತನಾಡಲು ನಿನ್ನನ್ನು ಕರೆದದ್ದು ಸಂತೋಷ. ಆದರೆ ‘ನಮ್ಮ ಹೆಣ್ಣುಮಕ್ಕಳು ಕನಿಷ್ಠ ಮೂರು ಮಕ್ಕಳನ್ನು ಹೆರಬೇಕು, ಮೂರನೆಯದಕ್ಕೆ ಸಂಘದಿಂದ ಬಹುಮಾನ ಕೊಡೋಣ’ ಎಂದು ಬರೆದಿದ್ದೀಯಲ್ಲ, ವೇದಿಕೆ ಹತ್ತುವ ಮೊದಲು ಅದನ್ನು ಹೊಡೆದುಹಾಕು. ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಮಾಡಿಸುತ್ತಾ, ಅರ್ಹ ದಂಪತಿಗಳ, ಎಂದರೆ ಹೆರುವ ವಯಸ್ಸಿನ ಹೆಂಡತಿ ಇರುವ ದಂಪತಿಗಳ, ರಿಜಿಸ್ಟರ್ ಬರೆಯುತ್ತಾ ನಿವೃತ್ತಳಾದವಳು ನಾನು. ಈ ವಿಷಯದಲ್ಲಿ ನಿನ್ನ ಕಿವಿ ಹಿಂಡುವ ಅಧಿಕಾರ ನನಗಿದೆ.

ಕರ್ನಾಟಕದ ಒಟ್ಟು ಫಲವತ್ತತೆ ದರ 1.7 ಎಂದು ಬರೆದದ್ದು ಸರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇರುವುದೂ ಅದೇ. ಅದರಿಂದ ‘ಐವತ್ತು ವರ್ಷದಲ್ಲಿ ನಾವು ನಿರ್ನಾಮ’ ಎಂದು ಹಾರಿದ್ದು ಮಾತ್ರ ಸರಿಯಲ್ಲ. ಬೇರೆ ಬೇರೆ ವಯಸ್ಸಿನ ಹೆಂಗಸರು ಈಗ ಹೆರುತ್ತಿರುವ ಪ್ರಮಾಣವೇ ಮುಂದುವರಿದರೆ 15ರಿಂದ 49 ವರ್ಷದೊಳಗೆ ಒಬ್ಬಳಿಗೆ ಸರಾಸರಿ ಎಷ್ಟು ಮಕ್ಕಳಾದಾರು ಎಂಬ ಲೆಕ್ಕ ಅದು. ಹುಡುಗಿಯರು ಓದಿ, ಕೆಲಸ ಹಿಡಿದು ಮೊದಲ ಹೆರಿಗೆಯನ್ನು ಮುಂದೂಡಿದರೂ ಆ ವರ್ಷಗಳಲ್ಲಿ ದರ ಇಳಿದಂತೆ ಕಾಣುತ್ತದೆ. ಒಂದು ತಲೆಮಾರಿನ ಜಾಗವನ್ನು ಇನ್ನೊಂದು ತುಂಬಲು ಸುಮಾರು 2.1 ಬೇಕು, ನಿಜ. ಅದಕ್ಕಿಂತ ಕೆಳಗಿಳಿದ ಮರುದಿನವೇ ಜನಸಂಖ್ಯೆ ಕುಸಿಯುವುದಿಲ್ಲ. ದೇಶದ ದರ 2.0ಕ್ಕೆ ಇಳಿದ ಮೇಲೆಯೇ, 2023ರಲ್ಲಿ, ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ ಭಾರತ ಚೀನಾವನ್ನು ಹಿಂದಿಕ್ಕಿತು. ದರ ಹೆಚ್ಚಿದ್ದಾಗ ಹುಟ್ಟಿದ ಹೆಣ್ಣುಮಕ್ಕಳು ಈಗ ತಾಯಂದಿರಾಗಿದ್ದಾರೆ. ಒಬ್ಬೊಬ್ಬರು ಕಡಿಮೆ ಹೆತ್ತರೂ ಹೆರುವವರೇ ಹೆಚ್ಚು.

ಕೊಡಗು ಖಾಲಿಯಾಗುತ್ತಿದೆ ಎಂಬ ನಿನ್ನ ಆತಂಕ ನನಗೆ ಅರ್ಥವಾಗುತ್ತದೆ. 2001ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,48,561, 2011ರಲ್ಲಿ 5,54,519. ಹತ್ತು ವರ್ಷಕ್ಕೆ ಆರು ಸಾವಿರವೂ ಹೆಚ್ಚಿಲ್ಲ. ಆದರೆ ಇಡೀ ಹೊಣೆಯನ್ನು ಹೆಂಗಸರ ಹೊಟ್ಟೆಯ ಮೇಲೆ ಹೊರಿಸಬೇಡ. ನಿನ್ನ ಜೊತೆ ಓದಿದವರಲ್ಲಿ ಊರಿನಲ್ಲಿ ಉಳಿದವರು ಯಾರು, ಹೇಳು ನೋಡೋಣ. ಈ ಭಾಷಣವನ್ನು ನೀನು ಬರೆದದ್ದೂ ಬೆಂಗಳೂರಿನಲ್ಲಿ ಕುಳಿತೇ ಅಲ್ಲವೇ?

ಹತ್ತು ಮಕ್ಕಳನ್ನು ಹೆತ್ತ ತಾಯಿಗೆ ಕೊಡವರಲ್ಲಿ ಮಂಗಲ ಎಂಬ ಶುಭಕಾರ್ಯ ಮಾಡಿ ಗೌರವಿಸುತ್ತಿದ್ದರು ಎಂದು ಉದಾಹರಣೆ ಕೊಟ್ಟಿದ್ದೀಯ. ಚೆನ್ನಾಗಿದೆ. ಆ ಗೌರವ ಏಕೆ ಎಂದು ಯೋಚಿಸಿದೆಯಾ? ನನ್ನನ್ನು ಕೇಳಿದರೆ, ಹತ್ತು ಹೆರುವುದಕ್ಕಿಂತ ಆ ಹತ್ತನ್ನೂ ಉಳಿಸಿಕೊಂಡು, ತಾನೂ ಉಳಿಯುವುದೇ ಆಗ ಅಪರೂಪವಾಗಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಹೋಗಿ ‘ಎಷ್ಟು ಮಕ್ಕಳಮ್ಮ?’ ಎಂದು ಕೇಳಿದರೆ ವಯಸ್ಸಾದ ಹೆಂಗಸರು ‘ಹೆತ್ತದ್ದೋ, ಉಳಿದದ್ದೋ?’ ಎಂದು ತಿರುಗಿ ಕೇಳುತ್ತಿದ್ದರು. ಬೆರಳು ಮಡಚಿ ಎಣಿಸುವಾಗ ನಡುವೆ ಒಂದು ಬೆರಳಿನ ಹತ್ತಿರ ನಿಂತುಬಿಡುತ್ತಿದ್ದರು. ನಾನೂ ಪೆನ್ನು ಹಿಡಿದು ಕಾಯುತ್ತಿದ್ದೆ. 1971ರಲ್ಲಿ ದೇಶದಲ್ಲಿ ಜೀವಂತ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿಯಿತು. ಹುಟ್ಟಿದ್ದು ಬದುಕುತ್ತದೆ ಎಂಬ ಧೈರ್ಯ ಬಂದ ಮೇಲೆ ‘ಇರಲಿ ಇನ್ನೊಂದು’ ಎನ್ನುವ ಮಾತು ತಾನಾಗಿಯೇ ಕಡಿಮೆಯಾಯಿತು.

1950ರ ದಶಕದಲ್ಲಿ ಆರರ ಹತ್ತಿರವಿದ್ದ ದೇಶದ ದರ 1992–93ರ ಸಮೀಕ್ಷೆಯಲ್ಲಿ 3.4 ಆಯಿತು, 2005–06ರಲ್ಲಿ 2.7, 2019–21ರಲ್ಲಿ 2.0. ಇದನ್ನು ಬರೀ ಸರ್ಕಾರದ ಸಾಧನೆ ಎನ್ನಲು ನಾನು ಒಪ್ಪುವುದಿಲ್ಲ, ಸರ್ಕಾರಿ ಸಂಬಳ ತಿಂದವಳಾದರೂ. 2019–21ರಲ್ಲೂ ಶಾಲೆಯ ಮೆಟ್ಟಿಲನ್ನೇ ಹತ್ತದ ಹೆಂಗಸರಲ್ಲಿ ದರ 2.8, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವರಲ್ಲಿ 1.8. ಹೆಣ್ಣುಮಕ್ಕಳು ಓದಿದರು, ತಡವಾಗಿ ಮದುವೆಯಾದರು, ಎಷ್ಟು ಸಾಕು ಎಂದು ತಾವೇ ಯೋಚಿಸಿದರು.

ಬಲವಂತ ಏನು ಮಾಡಿತೆಂದೂ ತಿಳಿದುಕೋ. ತುರ್ತು ಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷ, ಎಂಬತ್ತು ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಹೆಚ್ಚಿನವು ಗಂಡಸರಿಗೆ. ಆ ಭಯಕ್ಕೆ ಗಂಡಸರು ಹಿಂದೆ ಸರಿದವರು ಮತ್ತೆ ಆಸ್ಪತ್ರೆಯತ್ತ ಮುಖ ಮಾಡಲಿಲ್ಲ. 2019–21ರ ಸಮೀಕ್ಷೆಯಲ್ಲಿ ದೇಶದಲ್ಲಿ ಹೆಂಗಸರ ಶಸ್ತ್ರಚಿಕಿತ್ಸೆಯನ್ನು ನೆಚ್ಚಿಕೊಂಡ ದಂಪತಿಗಳು ನೂರಕ್ಕೆ ಸುಮಾರು 38; ಗಂಡಸರದ್ದು 0.3. ಮೂರು ಹೆರಿ ಎಂದು ಮೈಕಿನಲ್ಲಿ ಹೇಳುವವನು ಈ ಎರಡು ಅಂಕಿಗಳನ್ನೂ ಓದಿ ಹೇಳಬೇಕು. ಅಂದು ಗೋಡೆಯ ಮೇಲೆ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಬರೆಸಿದರು. ಅದೇ ಗೋಡೆಗೆ ಸುಣ್ಣ ಹೊಡೆದು ಮೂರು ಎಂದು ಬರೆಸಲು ಹೊರಟವರು ನೀವು.

ಹೆಚ್ಚು ಹೆರಿಸಲು ಹೊರಟವರ ಕಥೆಯೂ ಬೇರೆಯಲ್ಲ. ರೊಮೇನಿಯಾ 1966ರಲ್ಲಿ ಗರ್ಭಪಾತ ನಿಷೇಧಿಸಿತು. ಮರುವರ್ಷ ದರ ಹೆಚ್ಚುಕಡಿಮೆ ಇಮ್ಮಡಿಯಾಗಿ 3.7 ಮುಟ್ಟಿ, ಕೆಲವೇ ವರ್ಷಗಳಲ್ಲಿ ಮತ್ತೆ ಇಳಿಯಿತು. ಕಳ್ಳ ಗರ್ಭಪಾತದಲ್ಲಿ ಸತ್ತ ತಾಯಂದಿರು, ಅನಾಥಾಲಯ ತುಂಬಿದ ಮಕ್ಕಳು ಆ ದೇಶಕ್ಕೆ ಉಳಿದರು. ದಕ್ಷಿಣ ಕೊರಿಯಾದಲ್ಲಿ 1960ರ ಸುಮಾರಿಗೆ ಆರು ಇದ್ದದ್ದು 2023ರಲ್ಲಿ 0.72. ಅಲ್ಲಿ ಸರ್ಕಾರವೇ ಹಣದ ಹೊಳೆ ಹರಿಸಿತು. ನಿಮ್ಮ ಸಂಘದ ಬಹುಮಾನ ಯಾವ ಮೂಲೆಗೆ?

ಆ ದುಡ್ಡಿಗೆ ಬೇರೆ ದಾರಿ ಇದೆ. ಐವತ್ತು ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಸಣ್ಣ ತೋಟಗಳಿಗೆ ಅದು ತಾಗಲೇ ಇಲ್ಲ. ಕಾಫಿ ಕೊಯ್ಲಿನ ಸಮಯದಲ್ಲಿ ನೆರಳು ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸಿ, ಇರುವೆ ಹತ್ತದಂತೆ ದೊಡ್ಡ ಮಗುವನ್ನು ಕಾವಲು ಕೂರಿಸಿ ಕೊಯ್ಯುವ ತಾಯಂದಿರನ್ನು ಬೇಕಾದಷ್ಟು ನೋಡಿದ್ದೇನೆ. ಆ ದೊಡ್ಡ ಮಗುವಿಗೆ ನಾಲ್ಕೋ ಐದೋ ವರ್ಷ. ನಿಮ್ಮ ಸಂಘದಲ್ಲಿ ತೋಟದ ಮಾಲೀಕರೇ ತುಂಬಿದ್ದಾರಲ್ಲ, ನಾಲ್ಕು ತೋಟಗಳವರು ಸೇರಿ ಒಂದು ಕೋಣೆ, ಒಬ್ಬ ಆಯಾ, ಮಧ್ಯಾಹ್ನದ ಊಟ ಏರ್ಪಾಡು ಮಾಡಲಿ. ಊರಿಗೆ ಮರಳಲು ಮನಸ್ಸಿರುವ ಓದಿದ ಹುಡುಗಿಯರಿಗೂ ಅದೇ ಕೋಣೆ ಬೇಕು.

ಸೊಸೆ ಹೋದ ವಾರ ಫೋನ್ ಮಾಡಿದ್ದಳು. ಮಗುವಿಗೆ ಜ್ವರ, ನಿನಗೆ ರಜೆ ಸಿಗಲಿಲ್ಲ, ಅವಳೇ ರಜೆ ಹಾಕಿದ್ದಾಳೆ, ಮೇಲಧಿಕಾರಿ ಮುಖ ಗಂಟು ಹಾಕಿಕೊಂಡಿದ್ದಾರೆ ಎಂದಳು. ಭಾಷಣದ ಸುದ್ದಿ ಅವಳಿಗೆ ತಿಳಿದಂತೆ ಕಾಣಲಿಲ್ಲ, ನಾನೂ ಎತ್ತಲಿಲ್ಲ. ತಿದ್ದಿದ ಪ್ರತಿಯನ್ನು ನನಗೆ ಕಳುಹಿಸುವ ಮೊದಲು ಅವಳೆದುರು ಗಟ್ಟಿಯಾಗಿ ಓದು. ಅವಳು ಏನೆಂದಳೆಂದು ಬರೆ.

ಇಂತಿ,
ನಿನ್ನ ದೊಡ್ಡಮ್ಮ